ಮೊದಲ ಬೇಸ್‌ನ ಪಕ್ಕದಲ್ಲಿ

ಇಂದು ಬೆಳಿಗ್ಗೆ ಅಮೆರಿಕದ ಬೇಸ್‌ಬಾಲ್ ಆಟಗಾರರಾಗಿದ್ದ ಡೇವ್ ರಾಬರ್ಟ್ಸ್ ಅವರ ಆ ಹಳೆಯ ಓಟದ ದೃಶ್ಯವನ್ನು ಮತ್ತೆ ಮತ್ತೆ ನೋಡುತ್ತ ಕುಳಿತೆ. ಕೈಯಲ್ಲಿದ್ದ ಕಾಫಿ ಆರಿಹೋದದ್ದೂ ತಿಳಿಯಲಿಲ್ಲ.

2004ರ ಅಕ್ಟೋಬರ್, ಬಾಸ್ಟನ್‌ನ ಫೆನ್ವೇ ಪಾರ್ಕ್, ಒಂಬತ್ತನೆಯ ಇನ್ನಿಂಗ್ಸ್. ನ್ಯೂಯಾರ್ಕ್‌ನ ಯಾಂಕೀಸ್ ಎದುರಿನ ಸರಣಿಯಲ್ಲಿ ಆಗಲೇ ಮೂರು ಪಂದ್ಯ ಸೋತಿದ್ದ ಬಾಸ್ಟನ್‌ನ ತಂಡ ರೆಡ್ ಸಾಕ್ಸ್ ಈ ಪಂದ್ಯದಲ್ಲೂ ಒಂದು ರನ್ ಹಿಂದಿತ್ತು. ಬದಲಿ ಓಟಗಾರರಾಗಿ ಮೊದಲ ಬೇಸ್‌ಗೆ ಬಂದ ರಾಬರ್ಟ್ಸ್, ಎರಡನೆಯ ಬೇಸ್ ಕದಿಯುವುದಕ್ಕಾಗಿಯೇ, ಅಂದರೆ ಬ್ಯಾಟರ್‌ನ ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡುವುದಕ್ಕಾಗಿಯೇ ಬಂದಿದ್ದಾರೆಂಬುದು ಎದುರಾಳಿಗಳಿಗೂ ಚೆನ್ನಾಗಿ ತಿಳಿದಿತ್ತು. ಯಾಂಕೀಸ್‌ನ ಪಿಚರ್ (ಚೆಂಡೆಸೆಯುವವರು) ಮರಿಯಾನೋ ರಿವೇರಾ ಬ್ಯಾಟರ್‌ಗೆ ಒಂದೂ ಚೆಂಡೆಸೆಯದೆ ಓಟಗಾರನನ್ನು ಔಟ್ ಮಾಡಲು ಮೂರು ಸಲ ಮೊದಲ ಬೇಸ್‌ನತ್ತಲೇ ಎಸೆದರು. ಮೂರು ಸಲವೂ ರಾಬರ್ಟ್ಸ್ ಸಮಯಕ್ಕೆ ಸರಿಯಾಗಿ ಬೇಸ್‌ಗೆ ಮರಳಿದರು. ಅಷ್ಟು ಹೊತ್ತು ಬೆಂಚಿನ ಮೇಲೆ ಕುಳಿತು ತಣ್ಣಗಾಗಿದ್ದ ಕಾಲುಗಳನ್ನು ಎದುರಾಳಿಯೇ ಬೆಚ್ಚಗಾಗಿಸಿಕೊಟ್ಟಂತೆ ನನಗೆ ಕಾಣುತ್ತದೆ. ಬ್ಯಾಟರ್‌ನತ್ತ ಬಂದ ಮೊದಲ ಚೆಂಡಿಗೇ ಅವರು ಓಡಿ, ಕೂದಲೆಳೆಯ ಅಂತರದಲ್ಲಿ ಬೇಸ್ ಮುಟ್ಟಿದರು. ಬ್ಯಾಟರ್ ಬಿಲ್ ಮ್ಯೂಲರ್ ಹೊಡೆತಕ್ಕೆ ರಾಬರ್ಟ್ಸ್ ರನ್ ಪೂರೈಸಿದರು, ಸ್ಕೋರ್ ಸಮವಾಯಿತು. ಪಂದ್ಯ, ಸರಣಿ, ಕೊನೆಗೆ 1918ರ ನಂತರದ ಮೊದಲ ವರ್ಲ್ಡ್ ಸೀರೀಸ್ (ಅಮೆರಿಕದ ಬೇಸ್‌ಬಾಲ್‌ನ ಅಂತಿಮ ಪ್ರಶಸ್ತಿ ಸರಣಿ) ಎಲ್ಲವೂ ಬಾಸ್ಟನ್‌ಗೆ ಒಲಿದವು. ವಿಚಿತ್ರವೆಂದರೆ ಆ ವರ್ಲ್ಡ್ ಸೀರೀಸ್‌ನಲ್ಲಿ ರಾಬರ್ಟ್ಸ್ ಕಣಕ್ಕಿಳಿಯಲೇ ಇಲ್ಲ.

2010ರಲ್ಲಿ ಕ್ಯಾನ್ಸರ್ ಇರುವುದು ಪತ್ತೆಯಾಗಿ, ಚಿಕಿತ್ಸೆ ಪಡೆದು ಚೇತರಿಸಿಕೊಂಡ ಮೇಲೆ, 2011ರಲ್ಲಿ ಸ್ಯಾನ್ ಡಿಯಾಗೋ ಪ್ಯಾಡ್ರೆಸ್ ತಂಡ ಅವರನ್ನು ಕೋಚ್ ಆಗಿ ನಿಲ್ಲಿಸಿದ ಜಾಗ ಯಾವುದು ಗೊತ್ತೇ? ಮೊದಲ ಬೇಸ್‌ನ ಪಕ್ಕ. 2016ರಿಂದ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಮ್ಯಾನೇಜರ್ ಆಗಿ ಅವರು ಗೆದ್ದ ಪ್ರಶಸ್ತಿಗಳಿಗಿಂತ, ಓಡುವವರ ಕಿವಿಯ ಬಳಿ ನಿಂತು ಸಲಹೆ ಕೊಟ್ಟ ಆ ವರ್ಷಗಳ ಬಗ್ಗೆಯೇ ನನಗೆ ಹೆಚ್ಚು ಕುತೂಹಲ.