ನೇರಳೆ ಹೂವಿನ ಬೆನ್ನು: ದೇವಿಮನೆ ಘಟ್ಟದಿಂದ ಗೋಕರ್ಣದ ಬಯಲಿಗೆ

ಉತ್ತರೆ ಮಳೆ ಮುಗಿದು ಹಸ್ತೆ ಹಿಡಿಯುವ ಹೊತ್ತಿಗೆ ಶಿರಸಿಯಿಂದ ಕುಮಟೆಗೆ ಇಳಿಯುವ ದಾರಿಯಲ್ಲಿ ಎಲ್ಲಿ ಕಣ್ಣು ಹಾಯಿಸಿದರೂ ನೇರಳೆ. ದರೆಯ ಮೇಲೆ, ನೀರು ಜಿನುಗುವ ಬಂಡೆಯ ಮೇಲೆ, ಗದ್ದೆ ಹಾಳಿಯ ಮೇಲೆ, ಕೊನೆಗೆ ಗೋಕರ್ಣದ ಚಿರೇಕಲ್ಲಿನ ಬಯಲಲ್ಲಿ. ಇವುಗಳಲ್ಲಿ ವಯೊಲೆಟ್ ಎಂಬ ಹೂ ಯಾವುದು? ಮೊಬೈಲಿನ ಆ್ಯಪ್‌ಗೆ ಕೇಳಿದರೆ ಅದು ಹಿಂದೆಮುಂದೆ ನೋಡದೆ ಒಂದು ಹೆಸರು ಹೇಳಿಬಿಡುತ್ತದೆ. ಆ ಹೆಸರು ನಿಲ್ಲುತ್ತದೋ ಇಲ್ಲವೋ ಎಂಬುದನ್ನು ಹೂವಿನ ಮುಖ ಹೇಳುವುದಿಲ್ಲ, ಬೆನ್ನು ಹೇಳುತ್ತದೆ.

ಶಿರಸಿ–ಕುಮಟಾ ಸುಮಾರು 60 ಕಿ.ಮೀ. ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದು ದಾರಿ ಬಂದಾಗುವುದುಂಟು, ಹೊರಡುವ ಮೊದಲು ವಿಚಾರಿಸಿಕೊಳ್ಳಬೇಕು. ಬಂದಾಗಿದ್ದರೆ ಯಲ್ಲಾಪುರಕ್ಕೆ ಹೋಗಿ ಅರಬೈಲ್ ಘಟ್ಟ ಇಳಿದು ಅಂಕೋಲೆ ಸೇರಬೇಕು. ಸುತ್ತಾದರೂ ಆ ದಾರಿಯಲ್ಲೂ ಹೂವಿಗೆ ಬರವಿಲ್ಲ. ಚೀಲದಲ್ಲಿ ಹತ್ತು ಪಟ್ಟು ದೊಡ್ಡದು ಮಾಡುವ ಮಡಿಚುವ ಮಸೂರ, 15 ಸೆಂ.ಮೀ. ಅಳತೆಪಟ್ಟಿ, ಹೊಲಿಗೆ ಸೂಜಿ, ಒಂದೆರಡು ಬಿಳಿ ಕಾಗದ ಇದ್ದರೆ ಸಾಕು. ಉಂಬಳಕ್ಕೆ ಉಪ್ಪಿನ ಗಂಟು ಬೇರೆ. ಮಸೂರ ಹಿಡಿಯುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಅದನ್ನು ಹೂವಿನ ಮೇಲೆ ಹಿಡಿದು ದೂರದಿಂದ ಇಣುಕಿದರೆ ಮಸುಕೇ ಕಾಣುವುದು. ಮಸೂರ ಕಣ್ಣಿಗೆ ಒತ್ತಿದಂತಿರಬೇಕು. ಹೂವನ್ನು, ಇಲ್ಲವೇ ತಲೆಯನ್ನು, ಎರಡೂವರೆ ಸೆಂ.ಮೀ.ವರೆಗೆ ಹತ್ತಿರ ತರಬೇಕು.

ವಯೊಲೆಟ್ ಎಂದರೆ ಸಸ್ಯಶಾಸ್ತ್ರದ ವಯೋಲ ಕುಲ. ಅದರ ಹೂವಿಗೆ ಐದು ಬಿಡಿ ಎಸಳು: ಮೇಲೆ ಎರಡು, ಪಕ್ಕಕ್ಕೆ ಎರಡು, ಕೆಳಗೆ ಒಂದು. ಕೆಳಗಿನ ಎಸಳಿನ ಬುಡವೇ ಹಿಂದಕ್ಕೆ ಚಾಚಿ ಟೊಳ್ಳು ಕೊಂಬಾಗಿರುತ್ತದೆ. ಹೂ ತಿರುಗಿಸಿದರೆ ಐದು ಹಸಿರು ಪುಷ್ಪಪತ್ರಗಳು, ಅಂದರೆ ಎಸಳುಗಳ ಹೊರಗಿನ ಸುತ್ತು. ಪ್ರತಿಯೊಂದೂ ತೊಟ್ಟಿಗೆ ಅಂಟಿದ ಜಾಗದಿಂದ ಹಿಂದಕ್ಕೂ ಸ್ವಲ್ಪ ಬೆಳೆದು ಪುಟ್ಟ ಕಿವಿಯಂತೆ ನಿಂತಿರುತ್ತದೆ. ಈ ಕಿವಿಗಳು ಮತ್ತು ಎಸಳಿನಿಂದಲೇ ಹೊರಟ ಕೊಂಬು, ಎರಡೂ ಸಿಕ್ಕಿದರೆ ವಯೋಲ ಎನ್ನಲು ಧೈರ್ಯ ಬರುತ್ತದೆ. ಆದರೆ ದಕ್ಷಿಣದಲ್ಲಿ ಅದರ ತವರು ನೀಲಗಿರಿಯಂಥ ತಂಪಿನ ಎತ್ತರ. ಶಿರಸಿಯ ಎತ್ತರ 600 ಮೀಟರಿನ ಆಸುಪಾಸು. ಹಾಗಾಗಿ ಇಲ್ಲಿ ನೇರಳೆ ಕಂಡ ಕೂಡಲೇ ‘ಇದು ವಯೋಲ ಅಲ್ಲ’ ಎಂದುಕೊಂಡೇ ಶುರು ಮಾಡುವುದು ಒಳ್ಳೆಯದು.

ಘಟ್ಟದ ಮೊದಲ ತಿರುವುಗಳಲ್ಲೇ ಮೋಸ ಹೋಗುವುದು ಕರ್ಣಕುಂಡಲದ ಜಾತಿಗಳಿಂದ. ಅದರಲ್ಲೂ ನೀರಿಳಿಯುವ ಬಂಡೆಗೆ ಅಂಟಿಕೊಂಡ ಇಂಪೇಶನ್ಸ್ ಅಕಾಲಿಸ್. ಎಲೆಗಳೆಲ್ಲ ಬುಡದಲ್ಲಿ, ಕಾಂಡವೇ ಇಲ್ಲವೆನ್ನುವಂತೆ. ನಡುವಿನಿಂದ ಎದ್ದ ತೆಳು ದಂಟಿನ ತುದಿಗೆ ನಸುನೇರಳೆ ಹೂ, ಹಿಂದೆ ಬಾಗಿದ ಉದ್ದ ಕೊಂಬು. ಚಿತ್ರದಲ್ಲಿ ವಯೊಲೆಟ್ ನೋಡಿದವರಿಗೆ ಥೇಟ್ ಅದೇ. ಬೆನ್ನು ತಿರುಗಿಸಿ ಕೊಂಬಿನ ಬುಡಕ್ಕೆ ಸೂಜಿ ತಾಗಿಸಿ ನೋಡಿ: ಕೊಂಬು ಹೊರಟಿದ್ದು ಎಸಳಿನಿಂದಲ್ಲ, ಬಣ್ಣ ಬಂದ ಪುಷ್ಪಪತ್ರದಿಂದ. ಮುಂದಿನ ಎಸಳುಗಳೂ ಬಿಡಿಯಾಗಿಲ್ಲ. ಪಕ್ಕದ ನಾಲ್ಕು ಎರಡೆರಡಾಗಿ ಕೂಡಿ ಎರಡು ರೆಕ್ಕೆಯಾಗಿವೆ. ರೆಕ್ಕೆ ಸೀಳಿರುವುದರಿಂದ ಎಣಿಸುವವರಿಗೆ ಲೆಕ್ಕ ತಪ್ಪುತ್ತದೆ. ಬಲಿತ ಕಾಯಿ ಸಿಕ್ಕರೆ ಬೆರಳು ತಾಗಿಸಿದರೆ ಸಾಕು, ಸಿಡಿದು ಐದು ಹೋಳು ಸುರುಳಿಯಾಗುತ್ತದೆ. ವಯೊಲೆಟ್ ಬಳಗದ ಕಾಯಿ ಬಿರಿಯುವುದು ಮೂರು ಹೋಳಾಗಿ.

ಘಟ್ಟ ಇಳಿದ ಮೇಲೆ ಗದ್ದೆ ಹಾಳಿಗಳ ನೇರಳೆಗೆ ಹೆಚ್ಚು ಹೊತ್ತು ಬೇಕಿಲ್ಲ. ಮೂರೇ ಎಸಳು, ಎಲೆಯ ಬುಡ ಕಾಂಡಕ್ಕೆ ಒರೆಯಂತೆ ಸುತ್ತಿದೆಯೇ? ಮರ್ಡಾನಿಯ. ನೆಲಕ್ಕೆ ಬಿದ್ದ ಹೂ ಇಡೀ ಒಂದೇ ಕೊಳವೆಯಾಗಿದೆಯೇ? ಲಿಂಡರ್ನಿಯ ಅಥವಾ ಟೊರೇನಿಯ. ಬಿಡಿ ಎಸಳಿನ ಹೂ ಉದುರುವಾಗ ಒಂದೊಂದೇ ಕಳಚುತ್ತದೆ.

ಗೋಕರ್ಣದ ಮೇಲಿನ ಚಿರೇಕಲ್ಲಿನ ಬಯಲು ಬೇಸಿಗೆಯಲ್ಲಿ ಕಾವಲಿಯಂತೆ ಸುಡುತ್ತದೆ. ಮಳೆಗಾಲದ ಕೊನೆಗೆ ಅದರ ತಗ್ಗುಗಳಲ್ಲಿ ಬೆರಳುದ್ದದ ದಂಟಿನ ಮೇಲೆ ನೀಲಿ-ನೇರಳೆ ಹೂಗಳು ಹಾಸಿರುತ್ತವೆ. ಇವು ಯುಟ್ರಿಕ್ಯುಲೇರಿಯ, ಮರಾಠಿಯಲ್ಲಿ ಸೀತೆಯ ಕಣ್ಣೀರು ಎಂಬರ್ಥದ ಚಂದದ ಹೆಸರಿದೆ. ಇದಕ್ಕೂ ಕೊಂಬುಂಟು, ಕೊಂಬು ಎಸಳಿನದೇ, ಆದ್ದರಿಂದ ತಿಳಿದವರೂ ಒಂದು ಕ್ಷಣ ನಿಲ್ಲುತ್ತಾರೆ. ಮತ್ತೆ ಬೆನ್ನು ನೋಡಬೇಕು: ಪುಷ್ಪಪತ್ರ ಐದಲ್ಲ, ಎರಡೇ. ಒಳಗೆ ಕೇಸರವೂ ಎರಡೇ. ಬುಡದಲ್ಲಿ ಎಲೆ ಹುಡುಕಿದರೆ ಕಾಣುವುದು ಕೆಸರು. ಆ ಕೆಸರಿನೊಳಗೆ ಸೂಕ್ಷ್ಮಜೀವಿಗಳನ್ನು ಹಿಡಿದು ಜೀರ್ಣಿಸುವ ಸಾಸಿವೆಗಿಂತ ಸಣ್ಣ ಚೀಲಗಳಿರುತ್ತವೆ. ಚೀಲ ನೋಡುವ ಆಸೆಗೆ ಗಿಡ ಕೀಳುವುದು ಬೇಡ. ಅಷ್ಟು ತೆಳುವಾದ ಮಣ್ಣು ಒಮ್ಮೆ ಎದ್ದರೆ ಮುಂದಿನ ಮಳೆ ಅದನ್ನು ತೊಳೆದುಕೊಂಡೇ ಹೋಗುತ್ತದೆ.

ವಯೊಲೆಟ್ ಬಳಗದ ನಿಜವಾದ ಸದಸ್ಯನನ್ನು ಕಾಣಬೇಕಾದರೆ ಒದ್ದೆ ಜಾಗ ಬಿಟ್ಟು ಹುಲ್ಲಿನ ಬೇಣ, ಒಣ ದಾರಿಯ ಅಂಚು, ಬೀಳುಬಿಟ್ಟ ಜಾಗಗಳ ಕಡೆ ಹೊರಳಬೇಕು. ಗೇಣು, ಗೇಣೂವರೆ ಎತ್ತರದ ಗಿಡ; ತೊಟ್ಟಿಲ್ಲವೆನ್ನಬಹುದಾದ ಸಪೂರ ಎಲೆ, ಅಂಚಿಗೆ ಗರಗಸದ ಹಲ್ಲು. ಎಲೆಯ ಕಂಕುಳಲ್ಲಿ ಒಂಟಿಯಾಗಿ, ಗುಲಾಬಿ ಬೆರೆತ ನೇರಳೆ ಹೂ. ಇದು ಪುರುಷರತ್ನ. ದೂರದಿಂದ ಒಂದೇ ಎಸಳಿನ ಹೂವೆಂದೇ ಅನಿಸುತ್ತದೆ, ಏಕೆಂದರೆ ಕೆಳಗಿನ ಎಸಳು ಸುಮಾರು ಒಂದು ಸೆಂ.ಮೀ. ಅಥವಾ ತುಸು ಹೆಚ್ಚು ಉದ್ದವಾಗಿ ಸೌಟಿನಂತೆ ಚಾಚಿರುತ್ತದೆ. ಉಳಿದ ನಾಲ್ಕು ಅದರ ಬುಡದಲ್ಲಿ ಮುದುಡಿದ ಚೂರುಗಳು. ‘ಒಂದು ಎಸಳು ಮಾತ್ರ’ ಎಂದು ಬರೆದುಕೊಂಡು ಬಂದವರು ಮನೆಯಲ್ಲಿ ಕುಳಿತು ಯಾವ ಕುಟುಂಬಕ್ಕೂ ಸೇರಿಸಲಾಗದೆ ಒದ್ದಾಡುವುದು ಈ ಚೂರುಗಳನ್ನು ಎಣಿಸದ್ದರಿಂದ.

ಮಸೂರದಡಿ ಸೌಟಿನ ಹಿಡಿಕೆಯ ಬುಡದಲ್ಲಿ ಒಂದು ಉಬ್ಬಿದ ಚೀಲ ಕಾಣುತ್ತದೆ. ಅದೇ ಇಲ್ಲಿನ ಕೊಂಬು, ಉದ್ದವಾಗಲಿಲ್ಲ ಅಷ್ಟೆ. ಒಳಗೆ ಐದು ಕೇಸರ, ಅಂಡಾಶಯವನ್ನು ಮುತ್ತಿಕೊಂಡು ನಿಂತಂತೆ. ಪ್ರತಿಯೊಂದರ ತುದಿಗೆ ಕಿತ್ತಳೆ ಬಣ್ಣದ ತೆಳು ಪೊರೆ. ಹಿಂದೆ ಐದು ಪುಷ್ಪಪತ್ರ, ಆದರೆ ವಯೋಲದ ಕಿವಿಗಳಿಲ್ಲ. ಹೂತೊಟ್ಟಿನ ಮೇಲ್ಭಾಗದಲ್ಲಿ ಒಂದು ಗಂಟಿದೆ, ಅದನ್ನೂ ಗುರುತು ಹಾಕಿಕೊಳ್ಳಿ. ಇದರೊಂದಿಗೆ ಗೊಂದಲವಾಗುವುದು ಪಾಲಿಗಾಲ. ಅದರಲ್ಲಿ ಎರಡು ಪುಷ್ಪಪತ್ರ ದೊಡ್ಡದಾಗಿ ರೆಕ್ಕೆಯಂತಾಗಿರುತ್ತವೆ, ಕೆಳಗಿನ ಎಸಳಿನ ತುದಿಗೆ ಜುಟ್ಟು ಇರುತ್ತದೆ.

ಫೋಟೊ ತೆಗೆಯುವಾಗ ಮುಂದಿನಿಂದ ಒಂದು ಸಾಲದು. ಪಕ್ಕದಿಂದ ಕೊಂಬು ಅಥವಾ ಚೀಲ, ಬೆನ್ನಿನಿಂದ ಪುಷ್ಪಪತ್ರ, ಎಲೆಯ ಬುಡ, ಕಾಯಿ, ಇಡೀ ಗಿಡ. ಒಂದರಲ್ಲಾದರೂ ಪಟ್ಟಿ ಇರಲಿ. ಫೋನು ಇಷ್ಟು ಸಣ್ಣ ಹೂ ಬಿಟ್ಟು ಹಿಂದಿನ ಹುಲ್ಲಿಗೆ ಫೋಕಸ್ ಆಗುತ್ತದೆ, ಹೂವಿನ ಹಿಂದೆ ಬಿಳಿ ಕಾಗದ ಹಿಡಿದರೆ ಸರಿಹೋಗುತ್ತದೆ. ನೇರಳೆ ಬಣ್ಣವನ್ನು ಅದು ನೀಲಿ ಮಾಡುವುದೂ ಇದೆ, ಹಾಗಾಗಿ ಬಣ್ಣವನ್ನು ಅಲ್ಲೇ ನಿಂತು ಬರೆದಿಡಬೇಕು. ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಏನನ್ನೂ ಕೀಳುವಂತಿಲ್ಲ.

ಹಳೆಯ ದಾಖಲೆಗಳಲ್ಲಿ ಹೆಸರು ಹುಡುಕುವಾಗ ಇನ್ನೊಂದು ತೊಡಕು. ಉತ್ತರ ಕನ್ನಡ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು, ಆದ್ದರಿಂದ ಇಲ್ಲಿನ ಗಿಡಗಳ ವಿವರ ಇರುವುದು ಥಿಯೊಡೋರ್ ಕುಕ್ 1901ರಿಂದ 1908ರವರೆಗೆ ಹೊರತಂದ ಮುಂಬಯಿ ಪ್ರಾಂತದ ಸಸ್ಯಸಂಪುಟಗಳಲ್ಲಿ. ಹಳೆಯ ಬರಹಗಳಲ್ಲಿ ಪುರುಷರತ್ನ ಅಯೊನಿಡಿಯಂ ಆಗಿಯೂ, ಆಮೇಲೆ ಹೈಬ್ಯಾಂಥಸ್ ಎನ್ನಿಯಸ್ಪರ್ಮಸ್ ಆಗಿಯೂ ಸಿಗುತ್ತದೆ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಮೊದಲು ಇಟ್ಟ ಹೆಸರು ಮಾತ್ರ ವಯೋಲ ಎನ್ನಿಯಸ್ಪರ್ಮಾ. ಅವನ ಲೆಕ್ಕದಲ್ಲಿ ಇದು ವಯೊಲೆಟ್ಟೇ. ಎನ್ನಿಯಸ್ಪರ್ಮಾ ಎಂದರೆ ಒಂಬತ್ತು ಬೀಜದ್ದು. ಬಿರಿಯಲು ಬಂದ ಗುಂಡು ಕಾಯೊಂದನ್ನು ಗಿಡದಲ್ಲಿರುವಾಗಲೇ ಕಾಗದದ ಮೇಲೆ ಬಾಗಿಸಿ ಸೂಜಿಯಿಂದ ಬಿಡಿಸಿದರೆ, ಮೂರು ದೋಣಿಗಳಲ್ಲಿ ಉದ್ದಗೆರೆಯ ಮಾಸಲು ಬಿಳಿ ಬೀಜಗಳು. ಎಣಿಸಿದಾಗ ಒಂಬತ್ತೇ ಬರಬೇಕೆಂದೇನಿಲ್ಲ. ಎಣಿಸಿದ ಮೇಲೆ ಕಾಗದವನ್ನು ಅದೇ ಗಿಡದ ಬುಡಕ್ಕೆ ಕೊಡವಿ.