ಪ್ರಬಂಧಕ್ಕೆ ಮುಂಚೆ ಗಿರಣಿ

ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಉದ್ಯಮದ ಮೊದಲ ಪಾಠ ಆಗಬೇಕಾದದ್ದು ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ. ಭತ್ತದ ಹೊಟ್ಟಿನ ಬೂದಿಯಿಂದ ಸಿಲಿಕಾ (ಮರಳಿನಲ್ಲಿರುವ ಖನಿಜ) ತೆಗೆಯುವ ಸಂಶೋಧನೆಯನ್ನೇ ನೋಡಿ. ಒಂದು ಟನ್ ಭತ್ತಕ್ಕೆ ಸುಮಾರು 200 ಕಿಲೊ ಹೊಟ್ಟು, ಅದನ್ನು ಸುಟ್ಟರೆ ಸುಮಾರು 40 ಕಿಲೊ ಬೂದಿ. ಲ್ಯಾಬಿನಲ್ಲಿ 600 ಡಿಗ್ರಿಯಲ್ಲಿ ಹದವಾಗಿ ಸುಟ್ಟ 10 ಗ್ರಾಂ ಬೂದಿ ಬೆಳ್ಳಗಿರುತ್ತದೆ. ಗಿರಣಿಯ ಬಾಯ್ಲರ್ ಬೂದಿ ಹಾಗಲ್ಲ: ಒಂದು ದಿನ ಸುಡದೆ ಉಳಿದ ಇಂಗಾಲದಿಂದ ಕಪ್ಪು, ಇನ್ನೊಂದು ದಿನ ಉರಿ ಹೆಚ್ಚಾಗಿ ಸಿಲಿಕಾ ಸ್ಫಟಿಕವಾಗಿ, ಅದನ್ನು ಬೇರ್ಪಡಿಸಲು ಬಳಸುವ ಕ್ಷಾರದಲ್ಲಿ ಸುಲಭಕ್ಕೆ ಕರಗುವುದೇ ಇಲ್ಲ. ಲ್ಯಾಬಿನ ಲೆಕ್ಕ ತಪ್ಪುವುದು ಇಲ್ಲೇ.

ಕನಿಷ್ಠ ಐದು ಗಿರಣಿಗಳಿಂದ, ಬೇರೆ ಬೇರೆ ವಾರ ಮಾದರಿ ತಂದು ಪರೀಕ್ಷಿಸಲಿ. ಆಮೇಲೆ 5 ಕಿಲೊ ಬೂದಿಯ ಮೇಲೆ ಲ್ಯಾಬಿನ ಅದೇ ಕ್ರಮ ನಡೆಸಿ, ಕಾಸ್ಟಿಕ್ ಸೋಡಾ, ಆಮ್ಲ, ಕರೆಂಟು, ತೊಳೆದ ನೀರಿನ ವಿಲೇವಾರಿ, ಸಾಗಣೆ ಎಲ್ಲ ಸೇರಿ ಒಂದು ಕಿಲೊ ಸಿಲಿಕಾಗೆ ಎಷ್ಟು ಬೀಳುತ್ತದೆಂದು ಬರೆಯಲಿ. ನನಗೆ ಇದು ಬಿಸಿನೆಸ್ ಪ್ಲಾನಿಗಿಂತ ಮುಖ್ಯ. ಖರೀದಿದಾರರನ್ನು "ಕೊಳ್ಳುತ್ತೀರಾ?" ಅಂತ ಕೇಳಬಾರದು, ಮುಲಾಜಿಗೆ ಹೂಂ ಅಂದುಬಿಡುತ್ತಾರೆ. "ಈಗ ಏನು ಬಳಸುತ್ತೀರಿ, ಯಾವ ದರಕ್ಕೆ?" ಅಂತ ಕೇಳಬೇಕು.

ಪೇಟೆಂಟ್ ಅರ್ಜಿ ಪ್ರಬಂಧ ಪ್ರಕಟವಾಗುವ ಮೊದಲೇ ಹೋಗಬೇಕು. ಪ್ರಕಟವಾದರೆ ಅದು ಹೊಸದಲ್ಲವೆಂದಾಗಿ ಪೇಟೆಂಟ್ ಹಕ್ಕು ಕೈತಪ್ಪಬಹುದು. ಮೊದಲಿಗೆ ತಾತ್ಕಾಲಿಕ ವಿವರಣೆ (ಪ್ರಾವಿಷನಲ್ ಸ್ಪೆಸಿಫಿಕೇಶನ್) ಮಾತ್ರ ಸಲ್ಲಿಸಿದರೆ 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಲೇಬೇಕು, ಇಲ್ಲದಿದ್ದರೆ ಅರ್ಜಿ ಕೈಬಿಟ್ಟಂತೆ. ಹಕ್ಕು ವಿಶ್ವವಿದ್ಯಾಲಯದ್ದೋ ವಿದ್ಯಾರ್ಥಿಯದ್ದೋ ಎಂಬುದು ಅದಕ್ಕೂ ಮೊದಲೇ ಬರಹದಲ್ಲಿರಲಿ.