ಬೋಲ್ಟಿನ ತಲೆಯ ಮೇಲಿನ ಎಫ್

ಎರಡನೇ ಮಹಾಯುದ್ಧದ ಕಾಲದ ಜೀಪ್ ಕಂಡರೆ ಎಲ್ಲರೂ ವಿಲ್ಲಿಸ್ ಅಂದುಬಿಡುತ್ತಾರೆ. ನಾನೂ ಹಾಗೇ ಅನ್ನುತ್ತಿದ್ದೆ. ಅಮೆರಿಕದ ಸೈನ್ಯಕ್ಕೆ ಬೇಕಾದಷ್ಟು ಜೀಪ್‌ಗಳನ್ನು ಒಂದೇ ಕಂಪನಿ ಕೊಡುವುದು ಕಷ್ಟ ಅಂತ, ಅದೇ ನಕ್ಷೆಯ ಗಾಡಿಯನ್ನು ಫೋರ್ಡ್ ಕಡೆಯಿಂದಲೂ ಮಾಡಿಸಿದರು. ವಿಲ್ಲಿಸ್‌ನ ಮಾದರಿಯ ಹೆಸರು ಎಂಬಿ, ಫೋರ್ಡ್‌ನದು ಜಿಪಿಡಬ್ಲ್ಯೂ. 1941ರಿಂದ 1945ರವರೆಗೆ ಎರಡೂ ಸೇರಿ ಆರು ಲಕ್ಷಕ್ಕೂ ಜಾಸ್ತಿ ಗಾಡಿ ಬಂದವು. ಇದರ ಭಾಗ ಅದಕ್ಕೆ ಕೂರುತ್ತದೆ, ಅದರದು ಇದಕ್ಕೆ. ನಿಂತು ನೋಡಿದರೆ ಎರಡೂ ಒಂದೇ ಅನ್ನಿಸುತ್ತವೆ.

ವ್ಯತ್ಯಾಸ ಗೊತ್ತಾಗಬೇಕಾದರೆ ಬಗ್ಗಿ ನೋಡಬೇಕು. ರೇಡಿಯೇಟರ್ ಕೆಳಗೆ ಚಾಸಿಯ ಅಡ್ಡಪಟ್ಟಿ ದುಂಡನೆ ಪೈಪ್ ಆಗಿದ್ದರೆ ವಿಲ್ಲಿಸ್. ಮಡಚಿದ ತಗಡಿನದಾಗಿ, ಬುಡಮೇಲು ಮಾಡಿದ ಯು ಆಕಾರದಲ್ಲಿದ್ದರೆ ಫೋರ್ಡ್. ಇನ್ನೊಂದು ಗುರುತು ಅದಕ್ಕಿಂತ ಚೆಂದ. ಫೋರ್ಡ್ ತನ್ನ ಭಾಗಗಳ ಮೇಲೆ ಬಳುಕುವ ಎಫ್ ಅಕ್ಷರ ಒತ್ತುತ್ತಿತ್ತು. ಬ್ರಾಕೆಟ್ ಮೇಲೆ, ಕೊಕ್ಕೆ ಮೇಲೆ, ಬೋಲ್ಟಿನ ತಲೆಯ ಮೇಲೂ.

ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದ (ಎಂಐಡಿಸಿ) ನಮ್ಮ ಸಣ್ಣ ಶೆಡ್ಡಿಗೆ ಬಂದದ್ದು ಫೋರ್ಡ್‌ನದೇ. ಯಜಮಾನರು ಕೊಡಗಿನವರು, ಸೈನ್ಯದಿಂದ ನಿವೃತ್ತರಾಗಿ ವಾನವಡಿಯಲ್ಲಿ ಮನೆ ಮಾಡಿದ್ದಾರೆ. ಎಂಜಿನ್ ಕೆಲಸ ಬೇರೆ ಕಡೆ ಮುಗಿಸಿ, ಸಿಗದ ಭಾಗಗಳನ್ನು ಹೊಸದಾಗಿ ಮಾಡಿಕೊಡುವವರನ್ನು ಹುಡುಕುತ್ತಿದ್ದರು. ನಮ್ಮಲ್ಲಿ ಲೇತ್ ಮೇಲಿರುವ ಕಾಕಾ ವಿಜಯಪುರ ಕಡೆಯವರು. ಶೆಡ್ಡಿನಲ್ಲಿ ಕನ್ನಡ ಕಿವಿಗೆ ಬಿದ್ದಿದ್ದೇ ತಡ, ಸಾಹೇಬರು ಸ್ಟೂಲ್ ಎಳೆದು ಕೂತರು.

ಗಾಡಿಯ ಸ್ಥಿತಿ ನೋಡಿ ಬೇಜಾರಾಯಿತು. ಸೈನ್ಯದ ಜೀಪಿಗೆ ಹಿಂದೆ ಬಾಗಿಲಿರಲ್ಲ. ಅಲ್ಲಿ ಇಡೀ ಒಂದು ಪ್ಯಾನೆಲ್, ಅದಕ್ಕೇ ಸ್ಟೆಪ್ನಿ ಮತ್ತು ಪೆಟ್ರೋಲ್ ಕ್ಯಾನ್ ನೇತು ಹಾಕುವುದು. ಹಿಂದಿನವರು ಯಾರೋ ಸಾಮಾನು ಹೇರಲು ಅನುಕೂಲ ಆಗಲಿ ಅಂತ ಅದನ್ನು ಕೊಯ್ದು, ಕೀಲು ಹಾಕಿ ಬಾಗಿಲು ಮಾಡಿದ್ದರು. ಮಹೀಂದ್ರ ಜೀಪಿನ ಸಾಮಾನುಗಳೂ ಅಲ್ಲಲ್ಲಿ ಸೇರಿದ್ದವು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಗಾಡಿ ಇಷ್ಟು ವರ್ಷ ಉಳಿದಿದ್ದೇ ಹಾಗೆ ದುಡಿದಿದ್ದರಿಂದ. ಮುಂದಿನ ಒಂಬತ್ತು ಸೀಳಿನ ಗ್ರಿಲ್ ಮಾತ್ರ ಹಾಗೇ ಇತ್ತು. ನಾಗರಿಕರಿಗೆ ಮಾರಿದ ಜೀಪುಗಳಿಗೆ ಏಳೇ ಸೀಳು.

ಹಿಂದಿನ ಪ್ಯಾನೆಲ್‌ಗೆ ಸಿಆರ್ ಶೀಟ್ (ನಯವಾದ ಉಕ್ಕಿನ ತಗಡು) ತಂದು, ಗಟ್ಟಿ ಮರದ ಅಚ್ಚಿನ ಮೇಲೆ ಅಂಚು ಮಡಚಿದೆವು. ಅದನ್ನು ಜೋಡಿಸುವಾಗ ಮಿಗ್ ವೆಲ್ಡಿಂಗ್ ಬೇಡವೇ ಬೇಡ ಅಂತ ನಾನು ಹಟ ಹಿಡಿದೆ. ಮೊದಲು ಮಾಡಿದವರು ಸ್ಪಾಟ್ ವೆಲ್ಡ್ ಹೊಡೆದಿದ್ದರು. ತಗಡಿನ ಅಂಚಿಗೆ ಸಾಲಾಗಿ ಸಣ್ಣ ಸಣ್ಣ ಗುಳಿಗಳು ಕಾಣುತ್ತವೆ. ಬಣ್ಣ ಬಿದ್ದ ಮೇಲೂ ಆ ಗುಳಿಗಳು ಕಾಣಬೇಕು. ಪಕ್ಕದ ಶೆಡ್ಡಿನಲ್ಲಿ ಉದ್ದ ತೋಳಿನ ಸ್ಪಾಟ್ ಮಷಿನ್ ಇತ್ತು. ಅಲ್ಲಿಗೇ ಹೊತ್ತುಕೊಂಡು ಹೋದೆವು.

ನೆಲದ ತಗಡಿನ ಕೆಳಗೆ ಟೋಪಿ ಆಕಾರದ ಚಾನೆಲ್‌ಗಳಿವೆ. ಅವುಗಳೊಳಗೆ ಮರದ ತುಂಡು ತುಂಬಿರುತ್ತಾರೆ. ತೆಳು ತಗಡು ಬೋಲ್ಟ್ ಬಿಗಿದಾಗ ಕುಸಿಯದಿರಲಿ ಅಂತ. ಈ ಮರವೇ ಆಮೇಲೆ ಶತ್ರು ಆಗುತ್ತದೆ. ನೀರು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ, ತಗಡನ್ನು ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ನಮ್ಮದರಲ್ಲಿ ಸ್ಕ್ರೂಡ್ರೈವರ್ ತುದಿ ತಾಗಿಸಿದ ಕೂಡಲೇ ಕಪ್ಪು ಪುಡಿ ಉದುರಿತು. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್‌ನಿಂದ ತೇಗ ತಂದು, ಅಗಸೆ ಎಣ್ಣೆಯಲ್ಲಿ ನೆನೆಸಿ ಹಾಕಿದೆವು. ಚಾನೆಲ್ ಒಳಗೆ ಜಿಂಕ್ ಪ್ರೈಮರ್ ಕೂಡ ಬಳಿದೆವು. ಇದು ಮೂಲದಲ್ಲಿ ಇರಲಿಲ್ಲ ಅಲ್ವಾ ಅಂತ ಕೇಳಿದೆ. ಸಾಹೇಬರು ಒಂದು ನೋಟ್‌ಬುಕ್ ತೆಗೆದು ಬರೆದುಕೊಂಡರು. ಯಾವುದು ಹಳೆಯದು, ಯಾವುದು ಹೊಸದು, ಎಲ್ಲಿ ಏನು ಬದಲಾಯಿಸಿದೆವು ಅನ್ನುವುದೆಲ್ಲ ಅದರಲ್ಲಿದೆ. ಆ ನೋಟ್‌ಬುಕ್ ನೋಡಿದ ಮೇಲೆ ಅವರ ಮೇಲಿನ ಗೌರವ ಹೆಚ್ಚಾಯಿತು.

ಬೋಲ್ಟಿನ ದಿನಕ್ಕೆ ಬರುತ್ತೇನೆ.

ಬಾಡಿ ಬಿಚ್ಚುವಾಗ ಎಫ್ ಇರುವ ಬೋಲ್ಟ್‌ಗಳು ಕೆಲವೇ ಉಳಿದಿದ್ದವು. ಮಿಕ್ಕ ಕಡೆ ಕೈಗೆ ಸಿಕ್ಕಿದ್ದನ್ನು ತುರುಕಿದ್ದರು. ಒಂದು ತೂತಿಗಂತೂ ಎಂ10, ಅಂದರೆ ಹತ್ತು ಮಿಲಿಮೀಟರ್ ಬೋಲ್ಟನ್ನು ಬಲವಂತವಾಗಿ ತಿರುಗಿಸಿದ್ದರು. ಮೂಲ ಬೋಲ್ಟ್ ಮೂರು ಸೂತಿನದು (ಒಂದು ಸೂತು ಇಂಚಿನ ಎಂಟನೇ ಒಂದು ಭಾಗ), ಅಂದರೆ 9.525 ಮಿಲಿಮೀಟರ್. ಅದಕ್ಕೆ ಹತ್ತರದ್ದು ಹೊಡೆದರೆ ನಟ್ಟಿನ ಥ್ರೆಡ್ ಉಳಿಯುತ್ತದಾ?

ಕಾಕಾ ಹಳೇ ಬೋಲ್ಟನ್ನು ಡೀಸೆಲ್‌ನಲ್ಲಿ ತೊಳೆದು, ಥ್ರೆಡ್ ಅಳೆಯುವ ಪಿಚ್ ಗೇಜ್ ಇಟ್ಟು ಬೆಳಕಿಗೆ ಹಿಡಿದರು. "ಇಪ್ಪತ್ನಾಕು ಐತಿ ನೋಡೋ ತಮ್ಮಾ. ಬಾರೀಕ್ ಥ್ರೆಡ್ಡು." ಇಂಚಿಗೆ 24 ಥ್ರೆಡ್, ಅಮೆರಿಕದ ಫೈನ್ ಥ್ರೆಡ್, ಕೋನ 60 ಡಿಗ್ರಿ. ಅದೇ ಮೂರು ಸೂತಿನ ಬ್ರಿಟಿಷ್ ಫೈನ್ ಆಗಿದ್ದರೆ ಇಂಚಿಗೆ 20, ಕೋನ 55. ನಮ್ಮ ದೇಶದಲ್ಲಿ ಎರಡೂ ಕಡೆಯ ಗಾಡಿ ಓಡಿದ್ದರಿಂದ ಹಳೇ ಬೋಲ್ಟ್‌ಗಳು ಕಲಸುಮೇಲೋಗರ. ಗೇಜ್ ಇಡದೆ ಕಣ್ಣಂದಾಜಿನಲ್ಲಿ ಹೇಳಲೇಬಾರದು.

ಸಾಹೇಬರು ಕೇಳಿದರು, "ಕಾಕಾ, ಹೊಸದರ ಮೇಲೂ ಎಫ್ ಬರಬೇಕು. ಆಗುತ್ತಾ?"

"ಆಗತೈತ್ರೀ ಸಾಹೇಬ್ರ," ಅಂದರು ಕಾಕಾ. ಬೋಲ್ಟನ್ನು ಬೆರಳಲ್ಲಿ ಉರುಳಿಸುತ್ತಾ ಮತ್ತೆ ಹೇಳಿದರು: "ಆದ್ರ ನಾಳೆ ಯಾರರೆ ಇದನ್ನ ಬಿಚ್ಚಿ, ಯುದ್ಧದ ಕಾಲದ್ದು ಅಂತ ಮಾರಿದ್ರ? ಆವಾಗ ನಾವೂ ಅದರಾಗ ಪಾಲುದಾರರು ಆಗ್ತೀವಲ್ರಿ."

ಶೆಡ್ಡಿನಲ್ಲಿ ಯಾರಿಗೂ ಈ ಯೋಚನೆ ಬಂದಿರಲಿಲ್ಲ. ಎಫ್ ಹಾಕದಿದ್ದರೆ ಗಾಡಿ ಅಪೂರ್ಣ. ಹಾಕಿದರೆ ನಮ್ಮ ಕೆಲಸ ಇನ್ನೊಬ್ಬರ ಹೆಸರಲ್ಲಿ ಓಡಾಡುತ್ತದೆ. ಚಹಾ ಆರಿದರೂ ಮಾತು ಮುಗಿಯಲಿಲ್ಲ. ಕೊನೆಗೆ ಸಾಹೇಬರೇ ದಾರಿ ಹೇಳಿದರು. ತಲೆಯ ಮೇಲೆ ಎಫ್ ಇರಲಿ. ಬೋಲ್ಟಿನ ತುದಿಯಲ್ಲಿ, ನಟ್ಟಿನಾಚೆ ಕೆಳಗೆ ಮುಖ ಮಾಡಿರುವ ಕಡೆ, ಮಾಡಿದ ವರ್ಷದ ಕೊನೆಯ ಎರಡು ಅಂಕಿ ಹೊಡೆಯೋಣ. ಮೇಲಿಂದ ನೋಡುವವರಿಗೆ 1940ರ ದಶಕದ ಜೀಪ್ ಕಾಣುತ್ತದೆ. ಬಿಚ್ಚಿ ನೋಡುವವರಿಗೆ ನಿಜ ಗೊತ್ತಾಗುತ್ತದೆ.

ನನಗೆ ಇದು ತುಂಬಾ ಸರಿ ಅನ್ನಿಸಿತು. ಹಳೆಯದರಂತೆಯೇ ಮಾಡುವುದು ನಮ್ಮ ಕಸುಬು. ಹಳೆಯದೇ ಅಂತ ನಂಬಿಸುವುದು ನಮ್ಮ ಕೆಲಸ ಅಲ್ಲ.

ಇನ್ನೊಂದು ವಿಷಯಕ್ಕೆ ನಾನು ಬಿಲ್‌ಕುಲ್ ಒಪ್ಪಲಿಲ್ಲ. ಸ್ಟೀರಿಂಗ್, ಬ್ರೇಕ್, ಸ್ಪ್ರಿಂಗ್ ಶ್ಯಾಕಲ್‌ಗಳ ಬೋಲ್ಟ್ ನಾವು ಮಾಡಲ್ಲ ಅಂದೆ. ಗಾಡಿ ರಸ್ತೆಗೆ ಇಳಿಯುತ್ತದೆ. ಅಲ್ಲಿಗೆ ಟೆಸ್ಟ್ ಆದ, ಗ್ರೇಡ್ ಇರುವ ಬೋಲ್ಟೇ ಬರಬೇಕು, ಅಕ್ಷರ ಇರಲಿ ಬಿಡಲಿ. ಸಾಹೇಬರು ಅದನ್ನೂ ಬರೆದುಕೊಂಡರು.

ಎಫ್ ಮೂಡಿಸಲು ಒಂದು ಡೈ ಬೇಕಿತ್ತು. ಹಳೇ ಬೋಲ್ಟಿನ ತಲೆಯ ಫೋಟೋ ಹಿಗ್ಗಿಸಿ, ಅಕ್ಷರದ ಬಳುಕು ಗೆರೆ ಎಳೆದುಕೊಂಡು, ಗೊತ್ತಿದ್ದ ಟೂಲ್‌ರೂಮಿನಲ್ಲಿ ಸ್ಪಾರ್ಕ್ ಮಷಿನ್ ಮೇಲೆ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಕೊರೆಸಿದ್ದೆವು. ಕೆಲಸದ ಕ್ರಮ ಗಟ್ಟಿ ಮಾಡಿಕೊಟ್ಟವರು ಕಾಕಾ. ಇಎನ್8 ಅನ್ನುವ ಉಕ್ಕಿನ ಸರಳನ್ನು 18 ಮಿಲಿಮೀಟರ್‌ನದು ತಗೊಂಡು ಮೊದಲು ದುಂಡು ತಲೆ ಬಿಟ್ಟು ಕೊರೆಯುವುದು. ತಲೆ ಸ್ವಲ್ಪ ಎತ್ತರ ಜಾಸ್ತಿ ಇರಬೇಕು, ಅಕ್ಷರದ ಗುಳಿಗೆ ಲೋಹ ಹರಿಯಲು. ಕೆಂಪಗೆ ಕಾಯಿಸಿ, ಕಾಲರ್‌ನಲ್ಲಿ ನಿಲ್ಲಿಸಿ, ಫ್ಲೈ ಪ್ರೆಸ್‌ನ ಒಂದೇ ಏಟು. ಎರಡನೇ ಏಟು ಹಾಕಿದರೆ ಅಕ್ಷರ ಜೋಡಿ ಕಾಣುತ್ತದೆ. ಆಮೇಲೆ ಆರು ಮೂಲೆ. ಮಾರ್ಕೆಟ್‌ನಲ್ಲಿ ಸಿಗುವ ಹೆಕ್ಸ್ ಸರಳು ಮಿಲಿಮೀಟರ್ ಲೆಕ್ಕದ್ದು, ನಮಗೆ ಬೇಕಾದದ್ದು ಒಂಬತ್ತು-ಹದಿನಾರರ (9/16 ಇಂಚು) ಪಾನಾ ಕೂರುವ ತಲೆ. ಹಾಗಾಗಿ ಲೆಕ್ಕದ ಕೋನಕ್ಕೆ ತಿರುಗಿಸುವ ಡಿವೈಡಿಂಗ್ ಹೆಡ್ ಮೇಲೆ ಹಿಡಿದು ಒಂದೊಂದು ಮುಖ ಮಿಲ್ ಮಾಡಿದೆ. ಪ್ರತಿ ಮುಖಕ್ಕೆ ಅದರ ಹಿಡಿಕೆ ಆರು ಪೂರ್ತಿ ಸುತ್ತು, 24ರ ವೃತ್ತದಲ್ಲಿ ಇನ್ನೂ 16 ತೂತು.

ತುದಿಯ ಅಂಕಿಯನ್ನು ಥ್ರೆಡ್ ಹಾಕುವ ಮೊದಲೇ ಹೊಡೆಯಬೇಕು ಅಂತ ಕಾಕಾ ತಡೆದರು. ಪಂಚ್ ಬಿದ್ದಾಗ ತುದಿ ಒಂದು ಕೂದಲಷ್ಟು ಅಗಲವಾಗುತ್ತದೆ. ಮೊದಲೇ ಥ್ರೆಡ್ ಇದ್ದರೆ ನಟ್ಟು ಹಿಡಿಯುವುದಿಲ್ಲ.

ಥ್ರೆಡ್ ಮಾತ್ರ ಅವರೇ ಹಾಕಿದರು. ನಮ್ಮ ಹಳೇ ಬಟಾಲಾ ಲೇತಿನ ಲೀಡ್ ಸ್ಕ್ರೂ (ಟೂಲನ್ನು ಸರಿಸುವ ಉದ್ದ ತಿರುಪು) ಇಂಚಿನದು, ಇಂಚಿಗೆ ನಾಲ್ಕು ಥ್ರೆಡ್. 24 ನಾಲ್ಕರಿಂದ ಪೂರ್ತಿ ಭಾಗವಾಗುವುದರಿಂದ ಆ ತಿರುಪನ್ನು ಹಿಡಿಯುವ ಹಾಫ್ ನಟ್ ಎಲ್ಲಿ ಹಾಕಿದರೂ ಟೂಲ್ ಅದೇ ಗೆರೆಗೇ ಬೀಳುತ್ತದೆ, ಡಯಲ್ ನೋಡುವ ಗೋಜೇ ಇಲ್ಲ. ಈ ಲೇತನ್ನು ಮಾರಿ ಹೊಸದು ತಗೊಳ್ಳೋಣ ಅಂತ ಎಷ್ಟೋ ಸಲ ಮಾತಾಗಿತ್ತು. ಆವತ್ತಿನಿಂದ ಆ ಮಾತು ನಿಂತಿದೆ.

ಮೊದಲ ಬೋಲ್ಟ್ ಹೊರಬಂದಾಗ ಸಾಹೇಬರು ಹಳೆಯ ನಟ್ಟನ್ನು ಬೆರಳಲ್ಲೇ ತಿರುಗಿಸಿದರು. ಆಟವೂ ಇಲ್ಲ, ಬಿಗಿಯೂ ಇಲ್ಲ, ಕೊನೆಯವರೆಗೆ ಹೋಯಿತು. ಕಾಕಾ ಕನ್ನಡಕ ಏರಿಸಿಕೊಂಡು ಹಳೇ ಎಫ್ ಪಕ್ಕ ಹೊಸ ಎಫ್ ಇಟ್ಟು ನೋಡಿ, "ಬಾಲ ಸ್ವಲ್ಪ ದಪ್ಪ ಐತಿ" ಅಂದರು. ಡೈ ಮತ್ತೆ ಟೂಲ್‌ರೂಮಿಗೆ ಹೋಯಿತು. ಅಷ್ಟು ಸಣ್ಣದನ್ನು ಯಾರು ನೋಡುತ್ತಾರೆ ಅಂತ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ನನಗೆ ಅದೇ ಹೆಮ್ಮೆ. ತಿದ್ದಿದ ಡೈನಲ್ಲಿ ಮಾಡಿದವನ್ನು ಫಾಸ್ಫೇಟ್ ಮಾಡಿಸಿದೆವು. ಜಿಂಕ್ ಪ್ಲೇಟಿಂಗಿನ ಹೊಳಪು ಆ ಮಂಕು ಆಲಿವ್ ಬಣ್ಣದ ಪಕ್ಕ ಕಣ್ಣಿಗೆ ಚುಚ್ಚುತ್ತದೆ.

ಡೈ ಈಗ ಸಾಹೇಬರ ಹತ್ತಿರವೇ ಇದೆ, ನಾವೇ ಹಾಗೆ ಕೇಳಿಕೊಂಡೆವು. ಮೊನ್ನೆ ಪಣಜಿಯಿಂದ ಒಬ್ಬರು ಫೋನ್ ಮಾಡಿ, ತಮ್ಮ ಜೀಪಿಗೂ ಎಫ್ ಬೋಲ್ಟ್ ಬೇಕು ಅಂದರು. ಮೊದಲು ರೇಡಿಯೇಟರ್ ಕೆಳಗೆ ಬಗ್ಗಿ ನೋಡಿ ಅಂದೆ. ಪೈಪ್ ಇದೆ ಅಂದರು. ಹಾಗಾದರೆ ನಿಮ್ಮದು ವಿಲ್ಲಿಸ್, ಅದಕ್ಕೆ ಎಫ್ ಬೇಡ ಸರ್, ಒಂದು ಹಳೇ ಬೋಲ್ಟ್ ಕಳಿಸಿಕೊಡಿ ಅಂದೆ. ಬೋಲ್ಟ್ ಕೊರಿಯರ್‌ನಲ್ಲಿ ಬರುತ್ತಿದೆ.